ವಾಸ್ತುಶಿಲ್ಪ ಓದಲಿರುವ ತಂಗಿಗೆ ಯಾವ ಕಂಪನಿಯ ಲ್ಯಾಪ್‌ಟಾಪ್ ಕೊಡಿಸುವುದು?

ತಂಗಿಯ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ವಾಸ್ತುಶಿಲ್ಪ ಪದವಿಗೆ ಸೇರುತ್ತಿದ್ದಾಳೆ. ಐದು ವರ್ಷಗಳ ಓದು. ನಡುವೆ ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳುವ ಅನುಕೂಲ ನಮಗಿಲ್ಲ, ಆದ್ದರಿಂದ ಈಗ ಕೊಳ್ಳುವುದೇ ಕೊನೆಯ ವರ್ಷದ ಪ್ರಾಜೆಕ್ಟ್‌ವರೆಗೂ ಬಾಳಿಕೆ ಬರಬೇಕು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ತಂದೆಯವರು ಕಚೇರಿಯಲ್ಲಿ ಡೆಲ್ ಬಳಸಿದವರು, ಬೇರೆ ಹೆಸರನ್ನು ಕೇಳಲೂ ಸಿದ್ಧರಿಲ್ಲ. ಚಿಕ್ಕಪ್ಪನವರು ಎಚ್‌ಪಿ ಬಿಟ್ಟು ಬೇರೆ ಬೇಡವೆನ್ನುತ್ತಾರೆ. ತಂಗಿಯ ಕಣ್ಣು ಮ್ಯಾಕ್‌ಬುಕ್ ಮೇಲಿದೆ. ಲೆನೊವೊ, ಆಸುಸ್, ಏಸರ್ ಕಂಪನಿಗಳ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದೇ ಮಾದರಿಯನ್ನು ಒಬ್ಬರು ಹೊಗಳಿದರೆ ಮತ್ತೊಬ್ಬರು ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ವಿದ್ಯಾರ್ಥಿಯೊಬ್ಬಳಿಗೆ ಕಣ್ಣು ಮುಚ್ಚಿ ನಂಬಬಹುದಾದ ಬ್ರ್ಯಾಂಡ್ ಯಾವುದು?

ದುರಸ್ತಿ ಮೇಜು

ಲ್ಯಾಪ್‌ಟಾಪ್ ರಿಪೇರಿಯೇ ನನ್ನ ವೃತ್ತಿ. ಕಣ್ಣು ಮುಚ್ಚಿ ನಂಬುವಂತಹ ಬ್ರ್ಯಾಂಡ್ ಒಂದೂ ಇಲ್ಲ ಎಂಬುದೇ ನನ್ನ ಉತ್ತರ, ಆದರೆ ಅದಕ್ಕೆ ಕಾರಣವನ್ನೂ ಹೇಳಬೇಕಾಗುತ್ತದೆ.

ನೀವು ಹೆಸರಿಸಿದ ಕಂಪನಿಗಳಲ್ಲಿ ಹೆಚ್ಚಿನವು ತಮ್ಮ ಲ್ಯಾಪ್‌ಟಾಪ್‌ಗಳ ಬಹುಪಾಲನ್ನು ತಾವೇ ತಯಾರಿಸುವುದಿಲ್ಲ. ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್‌ನಂತಹ ತೈವಾನ್ ಮೂಲದ ಕಂಪನಿಗಳು ಹಲವು ಬ್ರ್ಯಾಂಡ್‌ಗಳಿಗಾಗಿ ಯಂತ್ರಗಳನ್ನು ರೂಪಿಸಿ ಜೋಡಿಸಿಕೊಡುತ್ತವೆ. ಒಂದೇ ಕಾರ್ಖಾನೆಯಿಂದ ಎರಡು ಪ್ರತಿಸ್ಪರ್ಧಿ ಕಂಪನಿಗಳ ಯಂತ್ರಗಳು ಹೊರಬರುವುದು ಈ ಉದ್ಯಮದಲ್ಲಿ ಅಚ್ಚರಿಯ ಸಂಗತಿಯಲ್ಲ. ಯಂತ್ರದ ಗುಣಮಟ್ಟವನ್ನು ನಿರ್ಧರಿಸುವುದು ಮುಚ್ಚಳದ ಮೇಲಿನ ಗುರುತಲ್ಲ, ಆ ಸರಣಿಗೆ ಕಂಪನಿ ಎಷ್ಟು ಖರ್ಚು ಮಾಡಲು ಒಪ್ಪಿದೆ ಎಂಬುದು. ಡೆಲ್‌ನ ಮನೆಬಳಕೆಯ ಇನ್‌ಸ್ಪೈರಾನ್‌ಗೂ ಕಚೇರಿ ಬಳಕೆಯ ಲ್ಯಾಟಿಟ್ಯೂಡ್‌ಗೂ ಇರುವ ಅಂತರ, ಒಂದು ಇನ್‌ಸ್ಪೈರಾನ್‌ಗೂ ಅದೇ ದರ್ಜೆಯ ಏಸರ್ ಆಸ್ಪೈರ್‌ಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು. ಲೆನೊವೊದಲ್ಲಿ ಐಡಿಯಾಪ್ಯಾಡ್ ಮತ್ತು ಥಿಂಕ್‌ಪ್ಯಾಡ್, ಎಚ್‌ಪಿಯಲ್ಲಿ ಪೆವಿಲಿಯನ್ ಮತ್ತು ಎಲೀಟ್‌ಬುಕ್, ಇವುಗಳ ಮಾತೂ ಇದೇ. ನಿಮ್ಮ ತಂದೆಯವರು ಕಚೇರಿಯಲ್ಲಿ ಬಳಸಿದ್ದು ಬಹುಶಃ ಲ್ಯಾಟಿಟ್ಯೂಡ್ ಇರಬೇಕು. ಅಂಗಡಿಯಲ್ಲಿ ಡೆಲ್ ಎಂದು ತೋರಿಸುವುದು ಇನ್ನೊಂದು ಸರಣಿಯದಾಗಿದ್ದರೆ ಅವರ ಅನುಭವ ಅದಕ್ಕೆ ಅನ್ವಯಿಸುವುದಿಲ್ಲ. ಡೆಲ್ 2025ರಲ್ಲಿ ಈ ಹಳೆಯ ಹೆಸರುಗಳನ್ನು ಬದಲಿಸಿ ಕಚೇರಿ ಸರಣಿಗೆ ಡೆಲ್ ಪ್ರೊ ಎಂದು ಹೆಸರಿಟ್ಟಿರುವುದರಿಂದ ಹುಡುಕುವಾಗ ಎರಡೂ ಹೆಸರು ಕಾಣಸಿಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮೇಜಿಗೆ ಪದೇ ಪದೇ ಬರುವ ತೊಂದರೆ ಎಂದರೆ ಹಿಂಜ್, ಅಂದರೆ ಮುಚ್ಚಳದ ಕೀಲು, ಕಿತ್ತು ಬರುವುದು. ಅಗ್ಗದ ಸರಣಿಗಳಲ್ಲಿ ಹಿಂಜ್‌ನ ಸ್ಕ್ರೂಗಳು ಹಿಡಿದುಕೊಳ್ಳುವುದು ಪ್ಲಾಸ್ಟಿಕ್‌ನಲ್ಲಿ ಬಿಸಿ ಮಾಡಿ ಕೂರಿಸಿದ ಪುಟ್ಟ ಹಿತ್ತಾಳೆಯ ನಟ್ಟುಗಳನ್ನು. ಹಿಂಜ್ ವರ್ಷ ಕಳೆದಂತೆ ಬಿಗಿಯಾಗುತ್ತದೆ, ವಿದ್ಯಾರ್ಥಿಗಳು ಮುಚ್ಚಳವನ್ನು ಒಂದು ಮೂಲೆ ಹಿಡಿದು ತೆರೆಯುತ್ತಾರೆ, ಆ ಬಲವೆಲ್ಲ ಒಂದೇ ಕಡೆಯ ನಟ್ಟುಗಳ ಮೇಲೆ ಬಿದ್ದು ಸುತ್ತಲಿನ ಪ್ಲಾಸ್ಟಿಕ್ ಒಡೆಯುತ್ತದೆ. ಹಿಂಜ್ ಸರಿಯಾಗಿಯೇ ಇರುತ್ತದೆ, ಅದನ್ನು ಹಿಡಿದಿದ್ದ ನೆಲೆ ಹೋಗಿರುತ್ತದೆ. ಒಳಗೆ ಲೋಹದ ಚೌಕಟ್ಟಿರುವ ಸರಣಿಗಳಲ್ಲಿ ಈ ತೊಂದರೆ ಅಪರೂಪ. ಇದು ಎಲ್ಲ ಬ್ರ್ಯಾಂಡ್‌ಗಳ ಅಗ್ಗದ ಸರಣಿಗಳಲ್ಲಿಯೂ ಇದೆ, ಎಲ್ಲ ಬ್ರ್ಯಾಂಡ್‌ಗಳ ಮೇಲ್ದರ್ಜೆಯ ಸರಣಿಗಳಲ್ಲಿಯೂ ಕಡಿಮೆ ಇದೆ.

ನಕ್ಷೆಗಾರ

ವಾಸ್ತುಶಿಲ್ಪ ಮುಗಿಸಿ ಕೆಲಸದಲ್ಲಿರುವವನು ನಾನು. ದುರಸ್ತಿ ಮೇಜು ಅವರ ಮಾತಿಗೆ ಪೂರಕವಾಗಿ ಇನ್ನೊಂದು ವಿಷಯವನ್ನು ಮುಂದಿಡುತ್ತೇನೆ: ಬ್ರ್ಯಾಂಡ್‌ಗೂ ಮೊದಲು, ಸರಣಿಗೂ ಮೊದಲು, ಕಾಲೇಜಿನಲ್ಲಿ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಬಹುತೇಕ ಕಡೆ ಆಟೊಕ್ಯಾಡ್, ಸ್ಕೆಚ್‌ಅಪ್, ರೈನೊ ಇರುತ್ತವೆ. ಇವು ಮ್ಯಾಕ್‌ನಲ್ಲಿಯೂ ನಡೆಯುತ್ತವೆ. ಆದರೆ ಆಟೊಡೆಸ್ಕ್ ಕಂಪನಿಯ ರೆವಿಟ್ (ಕಟ್ಟಡದ ಮೂರು ಆಯಾಮದ ಮಾದರಿ ರಚಿಸುವ ಸಾಫ್ಟ್‌ವೇರ್) ಮತ್ತು 3ಡಿಎಸ್ ಮ್ಯಾಕ್ಸ್ ವಿಂಡೋಸ್‌ಗೆ ಮಾತ್ರ. ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ರೆವಿಟ್ ಬಂದೇ ಬರುತ್ತದೆ ಎಂದಿಟ್ಟುಕೊಂಡರೆ ತಂಗಿಯವರ ಮ್ಯಾಕ್‌ಬುಕ್ ಆಸೆಯನ್ನು ಇಲ್ಲಿಯೇ ಯೋಚಿಸಿ ನೋಡಬೇಕು. ಆಪಲ್‌ನ ಈಗಿನ ಚಿಪ್‌ಗಳ ಮೇಲೆ ವಿಂಡೋಸ್‌ನ ಆರ್ಮ್ (ಮೊಬೈಲ್ ಚಿಪ್‌ಗಳ ಬಗೆಯ ವಿನ್ಯಾಸ) ಆವೃತ್ತಿಯನ್ನು, ಮ್ಯಾಕ್‌ನೊಳಗೆ ವಿಂಡೋಸ್ ನಡೆಸಿಕೊಡುವ ಪ್ಯಾರಲಲ್ಸ್ ಎಂಬ ಸಾಫ್ಟ್‌ವೇರ್‌ನೊಳಗೆ ಹಾಕಿ ರೆವಿಟ್ ನಡೆಸುವವರಿದ್ದಾರೆ, ಆದರೆ ಆಟೊಡೆಸ್ಕ್ ಅದನ್ನು ಬೆಂಬಲಿಸುವುದಿಲ್ಲ. ಮರುದಿನ ಜೂರಿ (ಪರೀಕ್ಷಕರ ಮುಂದೆ ವಿನ್ಯಾಸದ ಮಂಡನೆ) ಇದ್ದಾಗ ಫೈಲ್ ತೆರೆಯದೇ ಹೋದರೆ ಕೇಳುವವರಿರುವುದಿಲ್ಲ.

ರೆವಿಟ್‌ಗೆ ಬೇಕಾದದ್ದು ಒಂದು ಬಗೆ, ಮಾದರಿಯನ್ನು ನೈಜವಾಗಿ ಕಾಣುವ ಚಿತ್ರವಾಗಿಸುವ ರೆಂಡರಿಂಗ್‌ಗೆ ಬೇಕಾದದ್ದು ಇನ್ನೊಂದು ಬಗೆ. ರೆವಿಟ್‌ನ ಬಹಳಷ್ಟು ಕೆಲಸ ಪ್ರೊಸೆಸರ್‌ನ ಒಂದೇ ಕೋರ್‌ನ (ಲೆಕ್ಕ ಮಾಡುವ ಘಟಕದ) ಮೇಲೆ ನಡೆಯುತ್ತದೆ, ಆದ್ದರಿಂದ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರ್‌ನ ವೇಗ ಮುಖ್ಯ; ರ‍್ಯಾಮ್ ಸಾಕಷ್ಟು ಬೇಕು. ಆಟೊಡೆಸ್ಕ್ ಇತ್ತೀಚಿನ ಆವೃತ್ತಿಗಳಿಗೆ ಕನಿಷ್ಠ 16 ಜಿಬಿ ಕೇಳುತ್ತದೆ, ನೆಮ್ಮದಿಯ ಕೆಲಸಕ್ಕೆ 32 ಜಿಬಿ ಎನ್ನುತ್ತದೆ. ಲುಮಿಯಾನ್‌ನಂತಹ ರೆಂಡರಿಂಗ್ ಸಾಫ್ಟ್‌ವೇರ್‌ಗೆ ಗ್ರಾಫಿಕ್ಸ್ ಕಾರ್ಡ್‌ನದೇ ಆದ ಮೆಮೊರಿ ಬೇಕು. 4 ಜಿಬಿ ಇರುವ ಕಾರ್ಡ್ ಮೊದಲ ವರ್ಷದ ಮನೆಯ ಮಾದರಿಗೆ ಸಾಕಾದೀತು, ಮರಗಿಡಗಳನ್ನು ತುಂಬಿದ ಇಡೀ ಬಡಾವಣೆಗೆ ಸಾಲದು. 6 ಜಿಬಿ ಪರವಾಗಿಲ್ಲ, 8 ಜಿಬಿ ಇದ್ದರೆ ಐದು ವರ್ಷ ತಳ್ಳಬಹುದು.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಂದು ಮೋಸದ ಜಾಗವಿದೆ. ಲ್ಯಾಪ್‌ಟಾಪ್‌ಗಳಲ್ಲಿ ಬರುವ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಕಾರ್ಡ್‌ಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಮಿತಿಯನ್ನಾದರೂ ಇಡಬಹುದು. ತೆಳ್ಳನೆಯ ಲ್ಯಾಪ್‌ಟಾಪ್‌ನಲ್ಲಿ ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ 4060, ದಪ್ಪನೆಯ ಯಂತ್ರದಲ್ಲಿ ಪೂರ್ಣ ವ್ಯಾಟ್ ಪಡೆಯುವ ಕೆಳದರ್ಜೆಯ 4050ಕ್ಕೆ ಸರಿಸಮನಾಗಿ ಬಂದು ನಿಲ್ಲಬಹುದು. ಕಾರ್ಡ್‌ನ ಹೆಸರು ಅಂಗಡಿಯ ಚೀಟಿಯಲ್ಲಿ ದಪ್ಪಕ್ಷರದಲ್ಲಿರುತ್ತದೆ, ವ್ಯಾಟ್ ಎಷ್ಟೆಂಬುದನ್ನು ಕಂಪನಿಯ ಜಾಲತಾಣದ ವಿವರಪಟ್ಟಿಯಲ್ಲಿ ಟಿಜಿಪಿ ಎಂಬ ಸಾಲಿನಲ್ಲಿ ಹುಡುಕಿಕೊಳ್ಳಬೇಕು.

ಮೌನಯಂತ್ರ

ಮ್ಯಾಕ್‌ಬುಕ್‌ನ ಪರವಾಗಿ ಒಬ್ಬರಾದರೂ ಮಾತನಾಡಬೇಕಲ್ಲ. 2020ರ ನವೆಂಬರ್‌ನಲ್ಲಿ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಬಂದಾಗ ಕೊಂಡವರು ಇಂದಿಗೂ ಅದನ್ನು ಗೊಣಗದೆ ಬಳಸುತ್ತಿರುವುದನ್ನು ನಾನು ಕಂಡಿದ್ದೇನೆ. ಫ್ಯಾನ್ ಇಲ್ಲ, ಸದ್ದಿಲ್ಲ, ಬ್ಯಾಟರಿ ಇಡೀ ದಿನದ ತರಗತಿಗಳನ್ನು ದಾಟುತ್ತದೆ, ಬ್ಯಾಟರಿಯಲ್ಲಿ ನಡೆಯುವಾಗಲೂ ವೇಗ ಕುಗ್ಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ವಿಂಡೋಸ್ ಯಂತ್ರಗಳು ಚಾರ್ಜರ್ ಕಳಚಿದ ತಕ್ಷಣ ಸೊರಗುತ್ತವೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. 2024ರ ಅಕ್ಟೋಬರ್‌ನಿಂದ ಏರ್ ಮಾದರಿಗಳಲ್ಲಿ ಕನಿಷ್ಠ ಮೆಮೊರಿಯೇ 16 ಜಿಬಿ ಆಗಿರುವುದರಿಂದ ಹಳೆಯ 8 ಜಿಬಿಯ ದೂರೂ ಈಗಿಲ್ಲ.

ಆದರೆ ರೆವಿಟ್ ಕಡ್ಡಾಯವಾಗಿದ್ದರೆ ನಾನೂ ಬೇಡವೆಂದೇ ಹೇಳುತ್ತೇನೆ. ಸಾಹಿತ್ಯ, ಕಾನೂನು, ಪತ್ರಿಕೋದ್ಯಮ, ಸಾಮಾನ್ಯ ಪ್ರೋಗ್ರಾಮಿಂಗ್ ಓದುವವರಿಗಾದರೆ ನನ್ನ ಸಲಹೆ ಬೇರೆಯೇ ಆಗಿರುತ್ತಿತ್ತು.

ದುರಸ್ತಿ ಮೇಜು

ಮೌನಯಂತ್ರ ಅವರ ಮಾತು ಒಪ್ಪತಕ್ಕದ್ದೇ. ಒಂದು ಸೇರ್ಪಡೆ ಮಾತ್ರ: ಮ್ಯಾಕ್‌ಬುಕ್‌ನಲ್ಲಿ ಮೆಮೊರಿ, ಸಂಗ್ರಹ ಎರಡನ್ನೂ ಮುಂದೆ ಹೆಚ್ಚಿಸಲು ಬಾರದು, ಕೊಳ್ಳುವ ದಿನ ಆರಿಸಿದ್ದೇ ಕೊನೆ. ಬ್ರ್ಯಾಂಡ್ ಎಷ್ಟೇ ದೊಡ್ಡದಾದರೂ ಒಂದು ತಲೆಮಾರಿನ ಯಂತ್ರಗಳು ಕೈಕೊಡಬಹುದು ಎಂಬುದಕ್ಕೆ ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2015ರಲ್ಲಿ ಬಂದ ಆ ವಿನ್ಯಾಸದಲ್ಲಿ ಧೂಳಿನ ಕಣ ಹೊಕ್ಕರೂ ಅಕ್ಷರಗಳು ಕಚ್ಚಿಕೊಳ್ಳುತ್ತಿದ್ದವು. ಕಂಪನಿಯೇ 2018ರಲ್ಲಿ ಉಚಿತ ದುರಸ್ತಿ ಯೋಜನೆ ಪ್ರಕಟಿಸಬೇಕಾಯಿತು. ಆ ವರ್ಷಗಳಲ್ಲಿ ಕೇವಲ ಹೆಸರು ನೋಡಿ ಕೊಂಡವರಿಗೆ ಸಿಕ್ಕಿದ್ದು ಅದು.

ವಾಣಿಜ್ಯದ ಹುಡುಗ

ನಡುವೆ ಪ್ರವೇಶಿಸುತ್ತಿರುವುದಕ್ಕೆ ಕ್ಷಮಿಸಿ. ನಾನು ವಾಣಿಜ್ಯ ಪದವಿ ವಿದ್ಯಾರ್ಥಿ. ನನಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಎರಡು ಯಂತ್ರಗಳ ನಡುವೆ ತೂಗುತ್ತಿದ್ದೇನೆ: ಒಂದರಲ್ಲಿ ಎಎಂಡಿ ಕಂಪನಿಯ ರೈಸನ್ 5 7520ಯು ಪ್ರೊಸೆಸರ್, ಇನ್ನೊಂದರಲ್ಲಿ ರೈಸನ್ 5 5625ಯು ಇದೆ. ಏಳು ಸಾವಿರದ ಸರಣಿ ಹೊಸದಲ್ಲವೇ, ಅದನ್ನೇ ಕೊಳ್ಳಬಹುದೇ?

ಗಣಕ ಉಪನ್ಯಾಸಕಿ

ಕೊಳ್ಳಬೇಡಿ. ಎಎಂಡಿಯವರ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೊದಲ ಅಂಕೆ ಮಾರುಕಟ್ಟೆಗೆ ಬಂದ ವರ್ಷವನ್ನಷ್ಟೇ ಸೂಚಿಸುತ್ತದೆ; ಒಳಗಿನ ವಿನ್ಯಾಸ ಯಾವ ಪೀಳಿಗೆಯದು ಎಂಬುದನ್ನು ಹೇಳುವುದು ಮೂರನೆಯ ಅಂಕೆ. 7520ಯುನಲ್ಲಿ ಮೂರನೆಯ ಅಂಕೆ 2, ಅಂದರೆ 2019ರಲ್ಲಿ ಬಂದ ಜೆನ್ 2 ವಿನ್ಯಾಸ, ಅದೂ ನಾಲ್ಕೇ ಕೋರ್. ನೀವು ಹಳೆಯದೆಂದುಕೊಂಡ 5625ಯುನಲ್ಲಿ ಜೆನ್ 3 ವಿನ್ಯಾಸದ ಆರು ಕೋರ್‌ಗಳಿವೆ. ಇದರ ಮೇಲೆ, 7520ಯು ಇರುವ ಯಂತ್ರಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡ್‌ಗೆ ಬೆಸೆದೇ ಕೊಡುತ್ತಾರೆ; 8 ಜಿಬಿ ಎಂದಿದ್ದರೆ ಕೊನೆಯವರೆಗೂ 8 ಜಿಬಿಯೇ.

ಇಂಟೆಲ್‌ನಲ್ಲಿ ಗಮನಿಸಬೇಕಾದದ್ದು ಕೊನೆಯ ಅಕ್ಷರ. ಯು ಎಂದರೆ ಕಡಿಮೆ ವಿದ್ಯುತ್ತಿನದು, ಎಚ್ ಎಂದರೆ ಹೆಚ್ಚು ವಿದ್ಯುತ್ ಪಡೆದು ಹೆಚ್ಚು ಕೆಲಸ ಮಾಡುವುದು. ಐ7-1255ಯುನಲ್ಲಿ ಪ್ರಬಲ ಕೋರ್‌ಗಳು ಎರಡೇ, ಐ5-12500ಎಚ್‌ನಲ್ಲಿ ನಾಲ್ಕು. ದೀರ್ಘಕಾಲದ ಭಾರಿ ಕೆಲಸದಲ್ಲಿ ಈ ಐ5 ಆ ಐ7 ಅನ್ನು ಹಿಂದಿಕ್ಕುತ್ತದೆ. ಪೋಷಕರು ಐ7 ಎಂಬ ಚೀಟಿಗೆ ಹೆಚ್ಚುವರಿ ಹಣ ಕೊಟ್ಟು, ರ‍್ಯಾಮ್‌ನಲ್ಲಿ ಉಳಿತಾಯ ಮಾಡುವುದನ್ನು ಪ್ರತಿ ವರ್ಷ ಹೊಸ ತರಗತಿಯಲ್ಲಿ ನೋಡುತ್ತೇನೆ. ತಿರುವುಮುರುವಾಗಿ ಮಾಡಿದರೆ ಮಕ್ಕಳಿಗೆ ಅನುಕೂಲ.

ರ‍್ಯಾಮ್ ಬಗ್ಗೆ ಇನ್ನೊಂದು ಮಾತು. 16 ಜಿಬಿ ಒಂದೇ ಪಟ್ಟಿಯಲ್ಲಿದ್ದರೆ ಒಂದು ಚಾನೆಲ್ (ದತ್ತಾಂಶ ಓಡಾಡುವ ದಾರಿ) ಮಾತ್ರ ಕೆಲಸ ಮಾಡುತ್ತದೆ, 8ರ ಎರಡು ಪಟ್ಟಿಗಳಿದ್ದರೆ ಎರಡೂ ಚಾನೆಲ್ ಕೆಲಸ ಮಾಡುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಅನ್ನು ಹಂಚಿಕೊಳ್ಳುವುದರಿಂದ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಖಾಲಿ ಸ್ಲಾಟ್ ಇರುವ ಮಾದರಿಯಾದರೆ ಎರಡನೆಯ ಪಟ್ಟಿಯನ್ನು ಮುಂದೆ ಸೇರಿಸಿಕೊಳ್ಳಬಹುದು.

ವಾಣಿಜ್ಯದ ವಿದ್ಯಾರ್ಥಿಗೆ ವಿಶೇಷವಾಗಿ ಹೇಳಬೇಕಾದದ್ದು: ಮ್ಯಾಕ್‌ನ ಎಕ್ಸೆಲ್‌ನಲ್ಲಿ ಪವರ್ ಪಿವಟ್ (ದೊಡ್ಡ ದತ್ತಾಂಶವನ್ನು ವಿಶ್ಲೇಷಿಸುವ ಸೌಲಭ್ಯ) ಇಲ್ಲ. ದತ್ತಾಂಶ ವಿಶ್ಲೇಷಣೆಯ ಪಠ್ಯವಿದ್ದರೆ ವಿಂಡೋಸ್ ಕ್ಷೇಮ.

ವಾಣಿಜ್ಯದ ಹುಡುಗ

ಮೇಡಂ, ಅನಂತ ಧನ್ಯವಾದಗಳು. ಅಂಕೆಗಳಲ್ಲಿ ಇಷ್ಟು ಅಡಗಿದೆ ಎಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಖರೀದಿ ವಿಭಾಗ

ಸಂಸ್ಥೆಯೊಂದಕ್ಕೆ ಕಂಪ್ಯೂಟರ್‌ಗಳನ್ನು ಖರೀದಿಸಿ ನಿರ್ವಹಿಸುವ ಜವಾಬ್ದಾರಿ ನನ್ನದು. ಮೇಲಿನ ಚರ್ಚೆಯನ್ನು ಓದಿದವರಿಗೆ ಬ್ರ್ಯಾಂಡ್‌ಗೆ ಯಾವ ಬೆಲೆಯೂ ಇಲ್ಲ ಎನಿಸಬಹುದು. ಅದನ್ನು ನಾನು ಒಪ್ಪುವುದಿಲ್ಲ. ಯಂತ್ರವನ್ನು ಯಾರು ಜೋಡಿಸಿದರು ಎಂಬುದು ಬೇರೆ, ಕೆಟ್ಟಾಗ ಯಾರು ಬರುತ್ತಾರೆ ಎಂಬುದು ಬೇರೆ. ಎರಡನೆಯದಕ್ಕೆ ಉತ್ತರ ಕೊಡುವುದು ಬ್ರ್ಯಾಂಡೇ.

ಒಂದು ಕಂಪನಿಯ ಯಂತ್ರಗಳನ್ನು ನಾವು ಕೊಂಡಿದ್ದೆವು. ಹೆಸರು ಬೇಡ. ಕಾಗದದ ಮೇಲೆ ಅವು ಎಲ್ಲರಿಗಿಂತ ಮುಂದಿದ್ದವು: ಪರದೆ ಚೆನ್ನಾಗಿತ್ತು, ಪ್ರೊಸೆಸರ್ ಚೆನ್ನಾಗಿತ್ತು. ಪರದೆಯ ಕೇಬಲ್ ಒಂದು ಕೆಟ್ಟಾಗ ಬಿಡಿಭಾಗ ದಾಸ್ತಾನಿನಲ್ಲಿ ಇಲ್ಲವೆಂಬ ಉತ್ತರ ಬಂತು, ವಾರಗಟ್ಟಲೆ ಕಾದೆವು. ಸಂಸ್ಥೆಯಲ್ಲಿ ಬದಲಿ ಯಂತ್ರವಿರುತ್ತದೆ, ಆದ್ದರಿಂದ ನಡೆಯಿತು. ವಿದ್ಯಾರ್ಥಿಯ ಬಳಿ ಬದಲಿ ಇರುವುದಿಲ್ಲ, ಸಲ್ಲಿಕೆಯ ದಿನಾಂಕ ಮಾತ್ರ ಇರುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ತಂಗಿಯವರು ಓದುವ ಊರಿನಲ್ಲಿ ಯಾವ ಕಂಪನಿಗೆ ಸ್ವಂತ ಅಥವಾ ಅಧಿಕೃತ ಸರ್ವಿಸ್ ಸೆಂಟರ್ ಇದೆ ಎಂಬುದನ್ನು ಕಂಪನಿಯ ಜಾಲತಾಣದಲ್ಲಿ ನೋಡಿ, ನೋಡಿದ ಮೇಲೆ ಅಲ್ಲಿಗೆ ಕರೆ ಮಾಡಿ, ನೀವು ಕೊಳ್ಳಬೇಕೆಂದಿರುವ ಮಾದರಿಯ ಬ್ಯಾಟರಿ ಅಥವಾ ಕೀಬೋರ್ಡ್ ಬದಲಿಸಲು ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿ. ಆ ಒಂದು ಕರೆಯಲ್ಲಿ ಸಿಗುವ ಉತ್ತರ ಹತ್ತು ವಿಮರ್ಶೆಗಳಲ್ಲಿ ಸಿಗುವುದಿಲ್ಲ. ಜೊತೆಗೆ ವಾರಂಟಿಯ ಬಗೆಯನ್ನು ಓದಿ. ಯಂತ್ರವನ್ನು ನಾವೇ ಹೊತ್ತೊಯ್ಯಬೇಕಾದ ವಾರಂಟಿ ಒಂದು, ತಂತ್ರಜ್ಞರು ಮನೆಗೆ ಅಥವಾ ಹಾಸ್ಟೆಲ್‌ಗೆ ಬರುವ ಆನ್‌ಸೈಟ್ ವಾರಂಟಿ ಇನ್ನೊಂದು. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ವಿದ್ಯಾರ್ಥಿಗಳ ಯಂತ್ರಗಳಿಗೆ ಆಗುವುದು ಹೆಚ್ಚಾಗಿ ಇವೇ ಎರಡು. ಹೆಚ್ಚುವರಿ ವಾರಂಟಿಯನ್ನು ಅಂಗಡಿಯವರು ತಮ್ಮದೇ ಯೋಜನೆಯಾಗಿ ಮಾರುತ್ತಾರೆಯೇ, ಕಂಪನಿಯದೇ ಆಗಿದೆಯೇ ಎಂಬುದನ್ನೂ ವಿಚಾರಿಸಿ. ಕಂಪನಿಯದಾದರೆ ಯಂತ್ರದ ಕ್ರಮಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿದಾಗ ಅದು ಕಾಣಿಸಬೇಕು.

ಹೆಸರು ಎಂಬುದು ಶಾಶ್ವತವೂ ಅಲ್ಲ, ಅದನ್ನು ಒಪ್ಪುತ್ತೇನೆ. ಥಿಂಕ್‌ಪ್ಯಾಡ್ 1992ರಲ್ಲಿ ಬಂದಾಗ ಐಬಿಎಂನದು, 2005ರಿಂದ ಲೆನೊವೊದ್ದು. ಸೋನಿ ತನ್ನ ವಯೊ ವಿಭಾಗವನ್ನು 2014ರಲ್ಲಿ ಮಾರಿತು. 1985ರಲ್ಲೇ ಲ್ಯಾಪ್‌ಟಾಪ್ ಮಾರಿದ ತೋಷಿಬಾ 2020ರಲ್ಲಿ ಆ ವ್ಯವಹಾರದಿಂದ ಸಂಪೂರ್ಣವಾಗಿ ಹೊರನಡೆಯಿತು. ಇಂದು ಸೇವೆ ಚೆನ್ನಾಗಿದೆಯೇ ಎಂದು ನೋಡಬೇಕೇ ಹೊರತು ಹತ್ತು ವರ್ಷದ ಹಿಂದಿನ ಕೀರ್ತಿಯನ್ನಲ್ಲ.

ದುರಸ್ತಿ ಮೇಜು

ಖರೀದಿ ವಿಭಾಗ ಅವರು ಹೇಳಿದ್ದು ನನ್ನ ಮಾತಿನ ಕೊರತೆಯನ್ನು ತುಂಬಿತು. ಸೇವೆಯ ವಿಷಯಕ್ಕೆ ಸೇರಿದಂತೆಯೇ, ಕೊಳ್ಳುವ ಮೊದಲೇ ಯಾರಾದರೂ ಮಾಡಬಹುದಾದ ಒಂದು ಪರೀಕ್ಷೆಯನ್ನು ತಿಳಿಸುತ್ತೇನೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ತಮ್ಮ ಹೆಚ್ಚಿನ ಮಾದರಿಗಳ ಸರ್ವಿಸ್ ಕೈಪಿಡಿಯನ್ನು ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿವೆ. ಮಾದರಿಯ ಹೆಸರು ಹಾಕಿ ಅದನ್ನು ಇಳಿಸಿಕೊಂಡು ಎರಡೇ ಪುಟ ನೋಡಿ: ಬ್ಯಾಟರಿ ತೆಗೆಯುವ ಪುಟ ಮತ್ತು ಕೀಬೋರ್ಡ್ ತೆಗೆಯುವ ಪುಟ.

ಬ್ಯಾಟರಿಯನ್ನು ಸ್ಕ್ರೂಗಳಿಂದ ಹಿಡಿದಿದ್ದರೆ ಒಳ್ಳೆಯದು, ಅಂಟಿನಿಂದ ಹಿಡಿದಿದ್ದರೆ ನಿಮ್ಮ ಮುಂದಿನ ತಲೆನೋವು. ಐದು ವರ್ಷದಲ್ಲಿ ಬ್ಯಾಟರಿಯನ್ನು ಒಮ್ಮೆ ಬದಲಿಸಬೇಕಾಗಿ ಬರುವುದು ಹೆಚ್ಚುಕಡಿಮೆ ಖಚಿತ. ಕೀಬೋರ್ಡ್‌ನ ಪುಟದಲ್ಲಿ ಕೀಬೋರ್ಡ್ ಪ್ರತ್ಯೇಕ ಬಿಡಿಭಾಗವಾಗಿದೆಯೇ ಅಥವಾ ಮೇಲ್ಗವಚದೊಂದಿಗೆ ಒಟ್ಟಾಗಿ ಬರುತ್ತದೆಯೇ ಎಂದು ನೋಡಿ. ತೆಳ್ಳನೆಯ ಎಷ್ಟೋ ಯಂತ್ರಗಳಲ್ಲಿ ಕೀಬೋರ್ಡನ್ನು ಕರಗಿಸಿದ ಪ್ಲಾಸ್ಟಿಕ್ ಮೊಳೆಗಳಿಂದ ಮೇಲ್ಗವಚಕ್ಕೆ ಒತ್ತಿಬಿಟ್ಟಿರುತ್ತಾರೆ. ಒಂದು ಲೋಟ ನೀರು ಚೆಲ್ಲಿ ನಾಲ್ಕು ಅಕ್ಷರ ಹೋದರೂ ಮದರ್‌ಬೋರ್ಡ್ ಸಮೇತ ಒಳಗಿನದೆಲ್ಲವನ್ನೂ ಕಳಚಿ ಇಡೀ ಗವಚವನ್ನೇ ಬದಲಿಸಬೇಕು. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಹಿಂಬದಿಯ ಎರಡು ಸ್ಕ್ರೂ ತೆಗೆದು ಮುಂದಕ್ಕೆ ತಳ್ಳಿದರೆ ಕೀಬೋರ್ಡ್ ಎದ್ದು ಬರುತ್ತಿತ್ತು. ಅದು ನನ್ನಂತಹವರ ಸುವರ್ಣಕಾಲ, ಅಥವಾ ಗಳಿಕೆಯ ದೃಷ್ಟಿಯಿಂದ ಅಲ್ಲದ ಕಾಲ, ಹೇಗೆ ಬೇಕಾದರೂ ಅಂದುಕೊಳ್ಳಿ.

ಮಿಲಿಟರಿ ದರ್ಜೆ ಎಂಬ ಚೀಟಿಗೆ ಹೆಚ್ಚು ಬೆಲೆ ಕೊಡಬೇಡಿ. ಮಿಲ್-ಎಸ್‌ಟಿಡಿ-810ಎಚ್ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ. ಅದರಲ್ಲಿ ಯಾವ ಪರೀಕ್ಷೆಗಳನ್ನು ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳಬಹುದು. ಎಲ್ಲವನ್ನೂ ಗೆದ್ದಿದೆ ಎಂದು ಅದರ ಅರ್ಥವಲ್ಲ.

ಪೆಂಗ್ವಿನ್ ಪ್ರಿಯ

ಹೊಸದನ್ನೇ ಏಕೆ ಕೊಳ್ಳಬೇಕು? ಕಚೇರಿಗಳು ಬಿಟ್ಟುಕೊಟ್ಟ ಲ್ಯಾಟಿಟ್ಯೂಡ್, ಎಲೀಟ್‌ಬುಕ್, ಥಿಂಕ್‌ಪ್ಯಾಡ್ ಟಿ ಸರಣಿಯ ಯಂತ್ರಗಳು ನವೀಕೃತ ರೂಪದಲ್ಲಿ ಧಾರಾಳವಾಗಿ ಸಿಗುತ್ತವೆ, ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ಅವುಗಳ ಮೇಲೆ ಸಲೀಸಾಗಿ ನಡೆಯುತ್ತದೆ. ವಾಣಿಜ್ಯದ ಹುಡುಗನಂತಹವರಿಗೆ ಅಗ್ಗದ ಹೊಸ ಯಂತ್ರಕ್ಕಿಂತ ಇದು ಉತ್ತಮ ಎಂಬುದು ನನ್ನ ದೃಢ ಅಭಿಪ್ರಾಯ.

ಗಣಕ ಉಪನ್ಯಾಸಕಿ

ಉತ್ತಮ ಸಲಹೆಯೇ, ಒಂದು ಎಚ್ಚರಿಕೆಯೊಂದಿಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ನವೀಕೃತ ಯಂತ್ರಗಳಲ್ಲಿ ಆರನೆಯ, ಏಳನೆಯ ಪೀಳಿಗೆಯವು ಈಗ ಬಹಳ ಅಗ್ಗವಾಗಿ ಕಾಣಿಸುತ್ತಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಬಳಸುವವರಿಗೆ ಅಡ್ಡಿಯಿಲ್ಲ, ವಿಂಡೋಸ್ ಬೇಕೆನ್ನುವವರು ಎಂಟಕ್ಕಿಂತ ಕೆಳಗಿಳಿಯಬಾರದು.

ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರಿಂದ ಬರುತ್ತಿವೆ, ಬ್ಯಾಟರಿ ಸೊಗಸಾಗಿದೆ. ಆದರೆ ಅವು ಆರ್ಮ್ ವರ್ಗದವು. ಹಳೆಯ ಸಾಫ್ಟ್‌ವೇರ್ ಅನುಕರಣೆಯ ಮೂಲಕ ನಡೆಯುತ್ತದೆ, ಉಪಕರಣಗಳನ್ನು ಗುರುತಿಸಿ ನಡೆಸುವ ಹಳೆಯ ಡ್ರೈವರ್ ತಂತ್ರಾಂಶಗಳು ನಡೆಯುವುದಿಲ್ಲ. ಪ್ರಯೋಗಾಲಯದ ಉಪಕರಣಗಳನ್ನು ಜೋಡಿಸಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾನು ಸದ್ಯ ಸೂಚಿಸುವುದಿಲ್ಲ. ಯಂತ್ರಕಲಿಕೆ ಓದುವವರಿಗೆ, ಗ್ರಾಫಿಕ್ಸ್ ಕಾರ್ಡ್‌ನಿಂದ ಲೆಕ್ಕ ಮಾಡಿಸುವ ‘ಕೂಡಾ’ (CUDA) ಎಂಬ ತಂತ್ರಾಂಶ ಎನ್‌ವಿಡಿಯಾ ಕಾರ್ಡ್‌ಗಳಿಗೆ ಮಾತ್ರ ಸೀಮಿತ ಎಂಬ ಅಂಶವೂ ನೆನಪಿರಲಿ, ಆದರೂ ದೊಡ್ಡ ಮಾದರಿಗಳ ತರಬೇತಿ ಹೇಗಿದ್ದರೂ ಕಾಲೇಜಿನ ಸರ್ವರ್‌ನಲ್ಲೇ ಆಗಬೇಕಾಗುತ್ತದೆ.

ನಕ್ಷೆಗಾರ

ಪರದೆಯ ವಿಷಯ ಯಾರೂ ಎತ್ತಲಿಲ್ಲ. ವಾಸ್ತುಶಿಲ್ಪದವರಿಗೆ ಅದು ದೊಡ್ಡ ವಿಷಯ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬುವು ಪರದೆ ಎಷ್ಟು ಬಣ್ಣ ತೋರಿಸುತ್ತದೆ ಎಂದು ಅಳೆಯುವ ಎರಡು ಮಾನದಂಡಗಳು; ವಿವರಪಟ್ಟಿಯಲ್ಲಿ ಶೇ. 45 ಎನ್‌ಟಿಎಸ್‌ಸಿ ಎಂದಿದ್ದರೆ ಆ ಪರದೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲನ್ನೂ ತೋರಿಸುವುದಿಲ್ಲ. ಪರದೆಯ ಮೇಲೆ ಮಂಕಾಗಿ ಕಂಡ ಇಟ್ಟಿಗೆಯ ಕೆಂಪನ್ನು ವಿದ್ಯಾರ್ಥಿ ಎತ್ತರಿಸುತ್ತ ಹೋಗುತ್ತಾಳೆ, ಮುದ್ರಣಕ್ಕೆ ಕೊಟ್ಟಾಗ ಹಾಳೆಯ ಮೇಲೆ ಗೋಡೆ ಉರಿಯುತ್ತಿರುವಂತೆ ಬರುತ್ತದೆ. ಶೇ. 100 ಎಸ್‌ಆರ್‌ಜಿಬಿ ಎಂಬ ಮಾತು ಸ್ಪಷ್ಟವಾಗಿ ಬರೆದಿರಲಿ. ಬೆಳಕು 300 ನಿಟ್‌ಗೆ ಕಡಿಮೆಯಾದರೆ ಕಿಟಕಿ ಪಕ್ಕದ ಡ್ರಾಯಿಂಗ್ ಮೇಜಿನಲ್ಲಿ ಕಷ್ಟ. 1920×1080ಕ್ಕಿಂತ 1920×1200 ಇರುವುದು ಮೇಲು. ಹೆಚ್ಚಿಗೆ ಸಿಗುವ ಆ 120 ಸಾಲುಗಳಲ್ಲಿ ಟೂಲ್‌ಬಾರ್ ಕೂತರೆ ನಕ್ಷೆಗೆ ಜಾಗ ಉಳಿಯುತ್ತದೆ.

ಬೇಸರದ ಸಂಗತಿ ಎಂದರೆ ಒಂದೇ ಮಾದರಿಯ ಹೆಸರಿನಲ್ಲಿ ಎರಡು ಮೂರು ಬಗೆಯ ಪರದೆಗಳಿರುತ್ತವೆ. ವಿಮರ್ಶಕರಿಗೆ ಕಳಿಸುವುದು ಒಳ್ಳೆಯದನ್ನು, ಅಂಗಡಿಯಲ್ಲಿ ಇರುವುದು ಇನ್ನೊಂದು.

ತಂಗಿಯ ಅಣ್ಣ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಾಲೇಜಿಗೆ ಕರೆ ಮಾಡಿ ವಿಚಾರಿಸಿದೆ. ಮೂರನೆಯ ವರ್ಷದಿಂದ ರೆವಿಟ್ ಕಡ್ಡಾಯವಂತೆ. ಮ್ಯಾಕ್‌ಬುಕ್ ವಿಷಯವನ್ನು ತಂಗಿಗೆ ನಕ್ಷೆಗಾರ ಅವರ ಬರಹವನ್ನೇ ಓದಿಸಿ ತಿಳಿಸಿದೆ, ಮುಖ ಸಣ್ಣದಾದರೂ ಒಪ್ಪಿದ್ದಾಳೆ. ಖರೀದಿ ವಿಭಾಗ ಅವರು ಹೇಳಿದಂತೆ ಕಾಲೇಜು ಇರುವ ಊರಿನ ಸರ್ವಿಸ್ ಸೆಂಟರ್‌ಗಳಿಗೂ ಕರೆ ಮಾಡಿದೆ. ಮೂರು ಕಂಪನಿಗಳಲ್ಲಿ ಒಂದರವರು ಮಾತ್ರ ಬ್ಯಾಟರಿಯ ಬಿಡಿಭಾಗ ಸಂಖ್ಯೆಯನ್ನೇ ಹೇಳಿ ಎಷ್ಟು ದಿನವೆಂದು ಖಚಿತವಾಗಿ ತಿಳಿಸಿದರು. ತಂದೆಯವರೂ ಚಿಕ್ಕಪ್ಪನವರೂ ಹೇಳಿದ ಹೆಸರು ಅದಲ್ಲ, ಹಾಗಾಗಿ ಮನೆಯಲ್ಲಿ ಇಬ್ಬರೂ ಸಮನಾಗಿ ಅಸಮಾಧಾನಗೊಂಡಿದ್ದಾರೆ.

ಈಗ ಎರಡು ಉಳಿದಿವೆ, ಎರಡೂ ಅದೇ ಕಂಪನಿಯವು. ಒಂದು ಗೇಮಿಂಗ್ ಸರಣಿಯದು: 8 ಜಿಬಿ ಗ್ರಾಫಿಕ್ಸ್ ಮೆಮೊರಿ, ಎರಡು ರ‍್ಯಾಮ್ ಸ್ಲಾಟ್, ಆದರೆ ಭಾರ ಎರಡೂವರೆ ಕಿಲೋ ಸಮೀಪ, ಚಾರ್ಜರ್ ಬೇರೆ. ಇನ್ನೊಂದು ತೆಳ್ಳಗಿದೆ, ಪರದೆ ಸುಂದರವಾಗಿದೆ, 6 ಜಿಬಿ ಗ್ರಾಫಿಕ್ಸ್, ರ‍್ಯಾಮ್ 16 ಜಿಬಿ ಬೆಸೆದದ್ದು. ಯಾವುದು?

ನಕ್ಷೆಗಾರ

ಮೊದಲನೆಯದು. ಬೆಸೆದ 16 ಜಿಬಿಯಲ್ಲಿ ಕೊನೆಯ ವರ್ಷ ಉಸಿರುಗಟ್ಟುತ್ತದೆ. ಭಾರದ ವಿಷಯಕ್ಕೆ ಒಂದು ಉಪಾಯವಿದೆ: ಆ ಮಾದರಿ ಯುಎಸ್‌ಬಿ-ಸಿ ಮೂಲಕ 100 ವ್ಯಾಟ್ ಚಾರ್ಜಿಂಗ್ ಸ್ವೀಕರಿಸುತ್ತದೆಯೇ ನೋಡಿ. ಸ್ವೀಕರಿಸುವುದಾದರೆ ದೊಡ್ಡ ಚಾರ್ಜರ್ ಕೋಣೆಯಲ್ಲಿಯೇ ಇರಲಿ, ತರಗತಿಗೆ ಅಂಗೈಯಗಲದ ಚಾರ್ಜರ್ ಸಾಕು. ಅದರಲ್ಲಿ ರೆಂಡರಿಂಗ್ ಪೂರ್ಣ ವೇಗದಲ್ಲಿ ಆಗುವುದಿಲ್ಲ, ನಕ್ಷೆ ಬರೆಯುವುದಕ್ಕೆ ತೊಂದರೆಯಿಲ್ಲ.

ಮೌನಯಂತ್ರ

ಫ್ಯಾನ್‌ನ ಸದ್ದನ್ನು ಒಮ್ಮೆ ಅಂಗಡಿಯಲ್ಲಿ ಕೇಳಿಸಿಕೊಂಡು ಬನ್ನಿ. ಗ್ರಂಥಾಲಯದಲ್ಲಿ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಇಷ್ಟನ್ನು ಬಿಟ್ಟರೆ ನನ್ನ ತಕರಾರಿಲ್ಲ.

ದುರಸ್ತಿ ಮೇಜು

ನನ್ನದೂ ಮೊದಲನೆಯದಕ್ಕೇ ಮತ. ಗೇಮಿಂಗ್ ಸರಣಿ ಎಂದು ಹಿಂಜರಿಯಬೇಡಿ, ಶಾಖವನ್ನು ಹೊರಹಾಕುವ ವ್ಯವಸ್ಥೆ ಅವುಗಳಲ್ಲಿ ಚೆನ್ನಾಗಿರುತ್ತದೆ. ವರ್ಷಕ್ಕೊಮ್ಮೆ ತಳ ಬಿಚ್ಚಿಸಿ ಧೂಳು ತೆಗೆಸಿದರೆ ಸಾಕು. ಚಾರ್ಜರ್ ಹಾಕಿಯೇ ಹೆಚ್ಚು ಹೊತ್ತು ಬಳಸುವ ಯಂತ್ರವಾದ್ದರಿಂದ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಚಾರ್ಜ್ ಮಿತಿಯನ್ನು ಶೇ. 80ಕ್ಕೆ ಇಡಿಸಿ, ಬ್ಯಾಟರಿ ಬೇಗ ಉಬ್ಬುವುದು ತಪ್ಪುತ್ತದೆ.

ಕೊಳ್ಳುವ ದಿನ ಬಿಲ್‌ನಲ್ಲಿ ಸರಣಿಯ ಹೆಸರನ್ನಷ್ಟೇ ಬರೆದುಕೊಡಲು ಬಿಡಬೇಡಿ, ಪೆಟ್ಟಿಗೆಯ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನೂ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ. ನಕ್ಷೆಗಾರ ಅವರು ಹೇಳಿದ ಪರದೆಯ ವ್ಯತ್ಯಾಸ ಆ ಸಂಖ್ಯೆಯ ಕೊನೆಯ ಕೆಲವು ಅಕ್ಷರಗಳಲ್ಲಿ ಇರುತ್ತದೆ. ಮನೆಗೆ ತಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ತೆರೆದು ಪರದೆಯಲ್ಲಿ ಸತ್ತ ಚುಕ್ಕೆಗಳಿವೆಯೇ ನೋಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ಎಷ್ಟು ಸ್ಲಾಟ್‌ಗಳಲ್ಲಿ ಕೂತಿದೆ ಎಂದು ನೋಡಿ, ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಒಮ್ಮೆ ಪೆನ್‌ಡ್ರೈವ್ ಹಾಕಿ ತೆಗೆಯಿರಿ. ಎರಡನೆಯ ರ‍್ಯಾಮ್ ಪಟ್ಟಿಯನ್ನು ಈಗಲೇ ಹಾಕಿಸುವ ಅವಸರ ಬೇಡ, ರೆವಿಟ್ ಬರುವ ವರ್ಷ ಹಾಕಿಸಿದರಾಯಿತು.